ಹೊಸ ಜಾದೂ ಹುಟ್ಟುವ ಬಗೆ

ಜಾದೂಗಾರನ ಕೈಚಳಕವನ್ನು ಕಂಡು ಬೆರಗಾಗದವರು ವಿರಳ. ಬೆರಗು ಇಳಿದೊಡನೆ ಎಲ್ಲರ ಬಾಯಿಂದಲೂ ಹೊರಡುವ ಪ್ರಶ್ನೆ ಒಂದೇ: "ಇದನ್ನು ಹೇಗೆ ಮಾಡಿದ?" ಇದಕ್ಕಿಂತಲೂ ಸ್ವಾರಸ್ಯವಾದ ಮತ್ತೊಂದು ಪ್ರಶ್ನೆಯುಂಟು, ಅದನ್ನು ಕೇಳುವವರು ಮಾತ್ರ ಕಡಮೆ. ಅದುವರೆಗೆ ಯಾರೂ ಮಾಡದಿದ್ದ ಒಂದು ಜಾದೂ ಅದನ್ನು ಮೊದಲನೆಯ ಸಲ ಮಾಡಿದಾತನಿಗೆ ಹೊಳೆದದ್ದಾದರೂ ಹೇಗೆ? ಹೊಸ ಜಾದೂವನ್ನು ಕಟ್ಟುವುದಕ್ಕೆ ಒಂದು ಕ್ರಮವುಂಟೆ, ಅಥವಾ ಅದು ಕೇವಲ ಅದೃಷ್ಟದ ಮಾತೆ? ಈ ವಿಷಯವನ್ನು ನಾವು ಈಗ ಪರಿಶೀಲಿಸೋಣ. ಕ್ರಮವೊಂದು ಕೈಗೆ ಸಿಕ್ಕಿದ ಮೇಲೆ, ನಲ್ಲೂರಿನ ಪ್ರಸಿದ್ಧ ಹುಣಸೆಯ ಹೆಸರಿನಲ್ಲಿ ಒಂದು ಜಾದೂವನ್ನು ನಾವೇ ಕಟ್ಟಿ ನೋಡೋಣ.

ಹಳೆಯ ಬಂಡವಾಳ

ಪ್ರತಿಯೊಂದು ಜಾದೂವಿಗೂ ಎರಡು ಮುಖಗಳಿವೆ. ಪ್ರೇಕ್ಷಕನಿಗೆ ಕಾಣುವುದನ್ನು 'ಪರಿಣಾಮ' ಎಂದೂ ಅವನ ಕಣ್ಣಿಗೆ ಮರೆಯಾಗಿ ನಡೆಯುವುದನ್ನು 'ಉಪಾಯ' ಎಂದೂ ಕರೆಯೋಣ. ಪರಿಣಾಮಗಳ ಸಂಖ್ಯೆ ದೊಡ್ಡದಲ್ಲ. ಇಲ್ಲದ ವಸ್ತು ಕಾಣಿಸಿಕೊಳ್ಳುವುದು, ಇದ್ದದ್ದು ಮಾಯವಾಗುವುದು, ಒಂದು ಮತ್ತೊಂದಾಗುವುದು, ಇಲ್ಲಿದ್ದದ್ದು ಅಲ್ಲಿ ಸಿಕ್ಕುವುದು, ಮುರಿದದ್ದು ಕೂಡಿಕೊಳ್ಳುವುದು, ಆಧಾರವಿಲ್ಲದೆ ತೇಲುವುದು, ಮನಸ್ಸಿನಲ್ಲಿದ್ದುದನ್ನು ಹೇಳುವುದು: ಬಹುಪಾಲು ಜಾದೂಗಳು ಈ ಕೆಲವೇ ಬಗೆಗಳಲ್ಲಿ ಅಡಗುತ್ತವೆ. ಉಪಾಯಗಳೂ ಬಹಳ ಹಳೆಯವೇ.

ಉದಾಹರಣೆಗೆ ಒಂದರ ಬದಲು ಮತ್ತೊಂದನ್ನು ಇಡುವ ಉಪಾಯವನ್ನು ತೆಗೆದುಕೊಳ್ಳೋಣ. ಕ್ರಿ. ಶ. 941ರಲ್ಲಿ ರಚಿತವಾದ ಪಂಪನ 'ಆದಿಪುರಾಣ'ದಲ್ಲಿ ನೀಲಾಂಜನೆಯ ನೃತ್ಯದ ಪ್ರಸಂಗ ಬರುತ್ತದೆ. ನರ್ತಿಸುತ್ತಿರುವಾಗಲೇ ಅವಳ ಆಯುಸ್ಸು ತೀರುತ್ತದೆ. ರಸಭಂಗವಾಗದಿರಲೆಂದು ಇಂದ್ರನು ಅವಳಂಥವಳೇ ಆದ ಮತ್ತೊಬ್ಬಳನ್ನು ತತ್‌ಕ್ಷಣವೇ ಅಲ್ಲಿ ನಿಲ್ಲಿಸುತ್ತಾನೆ. ಸಭೆಗೆ ಅದು ತಿಳಿಯುವುದಿಲ್ಲ. ಆದಿದೇವನೊಬ್ಬನೇ ಅದನ್ನು ಗುರುತಿಸುತ್ತಾನೆ. ಪ್ರಸಂಗದ ಧಾರ್ಮಿಕ ತಾತ್ಪರ್ಯ ಬೇರೆಯಾದರೂ, ಲಯ ತಪ್ಪದಿದ್ದರೆ ಬದಲಾವಣೆಯು ಜನರ ಕಣ್ಣಿಗೆ ಬೀಳದು ಎಂಬ ಮಾತು ಅದರಲ್ಲಿ ಸ್ಪಷ್ಟವಾಗಿದೆ. ಇಂದಿನ ರಂಗಭೂಮಿಯ ಜಾದೂಗಾರನು ಆಶ್ರಯಿಸುವುದೂ ಇದನ್ನೇ.

ನಮ್ಮ ಗಾರುಡಿಗರ 'ಬತ್ತದ ತಂಬಿಗೆ'ಯೂ ಇಂತಹುದೇ. ತಂಬಿಗೆಯನ್ನು ಬೋರಲು ಮಾಡಿ ನೀರನ್ನೆಲ್ಲ ಚೆಲ್ಲುತ್ತಾರೆ. ಸ್ವಲ್ಪ ಹೊತ್ತಿನ ಮೇಲೆ ಅದರಲ್ಲಿ ಮತ್ತೆ ನೀರಿರುತ್ತದೆ. ತಂಬಿಗೆಗೆ ಎರಡು ಗೋಡೆಗಳು. ನಡುವಿನ ಜಾಗದಲ್ಲಿ ನೀರು. ಒಳಗೋಡೆಯ ಬುಡದಲ್ಲಿ ಒಂದು ಸಣ್ಣ ರಂಧ್ರ, ಹೊರಗೋಡೆಯ ಕಂಠದಲ್ಲಿ ಗಾಳಿಗೆಂದು ಮತ್ತೊಂದು. ಗಾಳಿರಂಧ್ರವನ್ನು ಬೆರಳಿನಿಂದ ಮುಚ್ಚಿದರೆ ಅಡಗಿದ ನೀರು ಕದಲದು. ಬೆರಳು ತೆಗೆದರೆ ವಾಯುವಿನ ಒತ್ತಡ ಒಳಹೊಕ್ಕು ನೀರು ಇಳಿಯುತ್ತದೆ. ಭೌತವಿಜ್ಞಾನದ ಪಾಠದಲ್ಲಿ ಬರುವ ಪಿಪೆಟ್ಟಿನ ತತ್ತ್ವವೇ ಇದು.

ಬಂಡವಾಳವೆಲ್ಲ ಹಳೆಯದೇ ಆದರೆ ಹೊಸತನ ಎಲ್ಲಿಂದ ಬರುತ್ತದೆ?

ಪೆಟ್ಟಿಗೆಯೋ, ಮನುಷ್ಯನೋ?

ಫ್ರಾನ್ಸಿನ ರಾಬರ್ಟ್ ಹೂಡಿನ್ (1805-1871) ಗಡಿಯಾರ ಮಾಡುವವರ ಮನೆಯಲ್ಲಿ ಹುಟ್ಟಿ, ಅದೇ ಕಸಬನ್ನು ಕಲಿತು, ಅನಂತರ ಜಾದೂಗಾರನಾದವನು. ವಿದ್ಯುತ್ಕಾಂತವು ಜನಸಾಮಾನ್ಯರಿಗೆ ಇನ್ನೂ ಅಪರಿಚಿತವಾಗಿದ್ದ ಕಾಲ ಅದು. ಆತನು ಬುಡದಲ್ಲಿ ಕಬ್ಬಿಣದ ತಗಡಿದ್ದ ಒಂದು ಚಿಕ್ಕ ಪೆಟ್ಟಿಗೆಯನ್ನು ಮಾಡಿ, ರಂಗದ ನೆಲದಡಿಯಲ್ಲಿ ವಿದ್ಯುತ್ಕಾಂತವನ್ನು ಅಡಗಿಸಿಟ್ಟನು. ವಿದ್ಯುತ್ತು ಹರಿಯದಿದ್ದಾಗ ಮಗುವೂ ಪೆಟ್ಟಿಗೆಯನ್ನು ಎತ್ತಬಹುದು. ಹರಿದಾಗ ಬಲಶಾಲಿಗೂ ಅದು ಅಲುಗದು. ಪ್ಯಾರಿಸ್ಸಿನಲ್ಲಿ ಜನರು ಕಂಡದ್ದು ಇದ್ದಕ್ಕಿದ್ದಂತೆ ಭಾರವಾಗುವ ಪೆಟ್ಟಿಗೆಯನ್ನು.

1856ರಲ್ಲಿ ಫ್ರೆಂಚ್ ಸರಕಾರವು ಆತನನ್ನು ಆಲ್ಜೀರಿಯಕ್ಕೆ ಕಳುಹಿಸಿತು. ಅಲ್ಲಿಯೂ ಪೆಟ್ಟಿಗೆ ಅದೇ, ಕಾಂತವೂ ಅದೇ; ಆದರೆ ಮಾತು ಬೇರೆಯಾಯಿತು. "ಈ ಪೆಟ್ಟಿಗೆ ಭಾರವಾಗುತ್ತದೆ" ಎನ್ನುವುದರ ಬದಲು ಆತನು "ಈ ಬಲಶಾಲಿಯ ಬಲವನ್ನು ನಾನು ಕಸಿದುಕೊಳ್ಳುತ್ತೇನೆ" ಎಂದನು. ಪ್ರೇಕ್ಷಕರ ದೃಷ್ಟಿ ಪೆಟ್ಟಿಗೆಯನ್ನು ಬಿಟ್ಟು ಮನುಷ್ಯನ ಮೇಲೆ ನೆಟ್ಟಿತು. ಪೆಟ್ಟಿಗೆಯನ್ನು ಶಂಕಿಸುವ ಪ್ರಮೇಯವೇ ಉಳಿಯಲಿಲ್ಲ. ಉಪಾಯದಲ್ಲಿ ಎಳ್ಳಷ್ಟೂ ವ್ಯತ್ಯಾಸವಿಲ್ಲದೆ, ಸಂಪೂರ್ಣವಾಗಿ ಹೊಸದೊಂದು ಜಾದೂ ಹುಟ್ಟಿತು.

ಹೊಸ ಜಾದೂ ಎಂದರೆ ಬಹುಮಟ್ಟಿಗೆ ಹೊಸ ಗುಟ್ಟಲ್ಲ. ಹಳೆಯ ಗುಟ್ಟಿಗೆ ಹೊಸದೊಂದು ಸುಳ್ಳು ಕಾರಣವನ್ನು ಜೋಡಿಸುವುದು. ನಿಜವಾದ ಕಾರಣ ವಿದ್ಯುತ್ತು. ತೋರಿಸಿದ ಕಾರಣ ಜಾದೂಗಾರನ ಶಕ್ತಿ. ಇವೆರಡರ ನಡುವಿನ ಅಂತರ ಹೆಚ್ಚಿದಷ್ಟೂ ಬೆರಗು ಹೆಚ್ಚುತ್ತದೆ. ಆದರೆ ಈ ಪ್ರಸಂಗದಲ್ಲಿ ಕಹಿಯೂ ಇದೆ. ಪರದೇಶದ ಆಳ್ವಿಕೆಗೆ ಒಳಗಾಗಿದ್ದ ಜನರಲ್ಲಿ ತಮ್ಮ ಧಾರ್ಮಿಕ ನಾಯಕರಿಗಿಂತ ಫ್ರೆಂಚರ ಶಕ್ತಿ ಹಿರಿದೆಂಬ ಭಾವನೆಯನ್ನು ಮೂಡಿಸುವುದಕ್ಕಾಗಿಯೇ ಆ ಪ್ರದರ್ಶನವು ಏರ್ಪಟ್ಟಿತ್ತು. ಈ ಮಾತನ್ನು ನಾವು ನೆನಪಿನಲ್ಲಿಡೋಣ. ಮುಂದೆ ಇದು ನಮಗೆ ಬೇಕಾಗುತ್ತದೆ.

ನಲ್ಲೂರಿನ ಹುಣಸೆ

ಈಗ ನಮ್ಮ ಜಾದೂವನ್ನು ಕಟ್ಟೋಣ. ದೇವನಹಳ್ಳಿ ತಾಲ್ಲೂಕಿನ ನಲ್ಲೂರಿನಲ್ಲಿ ಸುಮಾರು 54 ಎಕರೆಗಳ ಒಂದು ಹುಣಸೆಯ ತೋಪಿದೆ. ಅಲ್ಲಿನ ಮರಗಳಲ್ಲಿ ಕೆಲವು ನೂರಾರು ವರ್ಷ ಬಾಳಿದವು. 2007ರಲ್ಲಿ ಈ ತೋಪು ಭಾರತದ ಮೊಟ್ಟಮೊದಲನೆಯ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿತವಾಯಿತು. ಹುಣಸೆಯ ಮರದಲ್ಲಿ ದೆವ್ವಗಳಿರುತ್ತವೆ ಎಂಬ ಮಾತನ್ನು ನಮ್ಮ ನಾಡಿನ ಮಕ್ಕಳೆಲ್ಲ ಕೇಳಿಯೇ ಬೆಳೆದಿರುತ್ತಾರೆ. ಕಥೆ ಹೆಣೆಯುವುದಕ್ಕೆ ಇದಕ್ಕಿಂತ ಒಳ್ಳೆಯ ನೆಲೆ ಬೇಕಿಲ್ಲ.

ಉಪಾಯಕ್ಕಾಗಿ ನಾವು ದೂರ ಹೋಗಬೇಕಾಗಿಲ್ಲ, ಅಡುಗೆಮನೆಯಲ್ಲೇ ಅದಿದೆ. ಅರಿಸಿನದ ನೀರಿಗೆ ಸುಣ್ಣ ಬೆರೆಸಿದರೆ ಆರತಿಯ ಕೆಂಪು ನೀರಾಗುತ್ತದೆ. ಅರಿಸಿನದ ಬಣ್ಣಕ್ಕೆ ಕಾರಣವಾದ ಕುರ್ಕುಮಿನ್ ಎಂಬ ವಸ್ತುವು ಕ್ಷಾರದಲ್ಲಿ ಕೆಂಪಾಗಿಯೂ ಆಮ್ಲದಲ್ಲಿ ಹಳದಿಯಾಗಿಯೂ ತೋರುತ್ತದೆ. ಹುಣಸೆಯ ತಿರುಳಿನಲ್ಲಿ ಟಾರ್ಟಾರಿಕ್ ಆಮ್ಲ ಹೇರಳವಾಗಿದೆ. ಆದ್ದರಿಂದ ಆರತಿಯ ನೀರಿಗೆ ಹುಣಸೆಯ ರಸ ಸೇರಿದರೆ ಕೆಂಪು ಅಳಿದು ಹಳದಿ ಮರಳುತ್ತದೆ.

ಮೊದಲನೆಯ ಕರಡು: ಕೆಂಪು ನೀರಿಗೆ ಎಲ್ಲರೆದುರಿಗೆ ಹುಣಸೆಯ ರಸವನ್ನು ಸುರಿಯುವುದು. ಇದು ಒಳ್ಳೆಯ ರಸಾಯನ ಪಾಠ. ಆದರೆ ಜಾದೂ ಅಲ್ಲ. ಕಾರಣವೂ ಕಾರ್ಯವೂ ಒಂದೇ ಕ್ಷಣದಲ್ಲಿ ಕಣ್ಣೆದುರಿಗೇ ನಿಂತಿವೆ.

ಎರಡನೆಯ ಕರಡು: ಕಾರಣವನ್ನು ಕಾಲದಲ್ಲಿ ಹಿಂದಕ್ಕೆ ಸರಿಸೋಣ. ನಾರು ತೆಗೆದು ನುಣ್ಣಗೆ ಕಿವುಚಿದ ಗಟ್ಟಿಯಾದ ಹುಣಸೆಯ ತಿರುಳನ್ನು ಉಕ್ಕಿನ ತಂಬಿಗೆಯೊಂದರ ಒಳಬುಡಕ್ಕೆ ಮೊದಲೇ ಸವರಿಡೋಣ. ಪ್ರದರ್ಶನದಲ್ಲಿ ಕೆಂಪು ನೀರನ್ನು ಅದರೊಳಕ್ಕೆ ಹೊಯ್ದು, ಕುಲುಕಿ, ಮತ್ತೆ ಗಾಜಿನ ಲೋಟಕ್ಕೆ ಬಗ್ಗಿಸಿದರೆ ಹಳದಿ ನೀರು ಬೀಳುತ್ತದೆ. ಪರಿಣಾಮ ಸಿದ್ಧಿಸಿತು. ಆದರೆ ಜಾಣ ಹುಡುಗನೊಬ್ಬ "ತಂಬಿಗೆಯಲ್ಲಿ ಏನೋ ಇದೆ" ಎಂದು ಕೂಗುವುದು ಖಂಡಿತ.

ಜಾದೂ ಕಟ್ಟುವವನ ನಿಜವಾದ ದುಡಿಮೆ ಆರಂಭವಾಗುವುದು ಇಲ್ಲಿಂದ. ಪ್ರೇಕ್ಷಕನ ಸ್ಥಾನದಲ್ಲಿ ತಾನೇ ಕುಳಿತು, ಅವನಿಗೆ ಹುಟ್ಟಬಹುದಾದ ಶಂಕೆಗಳನ್ನೆಲ್ಲ ಬರೆದುಕೊಂಡು, ಒಂದೊಂದು ದಾರಿಯನ್ನೂ ಮುಚ್ಚುತ್ತ ಬರಬೇಕು. "ತಂಬಿಗೆಯಲ್ಲಿ ನೀರಿತ್ತು" ಎಂಬ ಶಂಕೆಗೆ ಉತ್ತರವಾಗಿ ಅದನ್ನು ಬೋರಲು ಹಿಡಿದು ತೋರಿಸೋಣ. ಅಂಟಿಕೊಂಡ ತಿರುಳು ಬೀಳುವುದಿಲ್ಲ. "ಕೆಂಪು ನೀರಿನಲ್ಲೇ ಮೋಸವಿದೆ" ಎನ್ನದಿರಲೆಂದು ಅದನ್ನು ಎಲ್ಲರ ಮುಂದೆಯೇ ಕಲಸೋಣ. ಅರಿಸಿನ ಸುಣ್ಣಗಳನ್ನು ಶಂಕಿಸುವವರಾರು? ಇಷ್ಟಾದ ಮೇಲೆ ಒಂದು ಸುಳ್ಳು ಕಾರಣ ಬೇಕು. ಸೊಪ್ಪು ಸಹಿತವಾದ ಮೂರು ಹುಣಸೆಯ ಕಡ್ಡಿಗಳನ್ನು ಇಟ್ಟು, ಒಂದನ್ನು ಪ್ರೇಕ್ಷಕನೇ ಆರಿಸಲಿ. "ಕೆಂಪು ದೃಷ್ಟಿದೋಷದ ಬಣ್ಣ, ಹುಣಸೆಯ ದೆವ್ವ ಅದನ್ನು ಹೀರುತ್ತದೆ" ಎಂಬ ಕಥೆಯನ್ನು ಹೇಳುತ್ತ, ನೀರಿಗೆ ಸೋಕದಂತೆ ಕಡ್ಡಿಯನ್ನು ತಂಬಿಗೆಯ ಮೇಲೆ ಸುಳಿಸೋಣ. ಕಾಣುವ ಹುಣಸೆ ಕಾರಣವಲ್ಲ. ಕಾಣದ ಹುಣಸೆಯೇ ಕಾರಣ! ಕಡ್ಡಿ ಮಾತ್ರ ನಮ್ಮ ಊರಿನ ಮರದ್ದಾಗಿರಲಿ. ನಲ್ಲೂರಿನ ಆ ವೃದ್ಧ ವೃಕ್ಷಗಳನ್ನು ಕೀಳುವುದು ಬೇಡ.

ಪರೀಕ್ಷೆ

ಕಾಗದದ ಮೇಲೆ ಕಟ್ಟಿದ ಜಾದೂ ಕೈಯಲ್ಲಿ ಕೆಡುವುದುಂಟು. ಸುಣ್ಣವನ್ನು ನೇರವಾಗಿ ಕದಡಿ ಹಾಕಿದರೆ, ಕರಗದೆ ಉಳಿದ ಕಣಗಳು ಮೆಲ್ಲಮೆಲ್ಲನೆ ಕರಗಿ ಹಳದಿಯನ್ನು ಮತ್ತೆ ಕೆಂಪಾಗಿಸಬಹುದು. ಆದ್ದರಿಂದ ಮೇಲಿನ ತಿಳಿಯನ್ನು ಮಾತ್ರ ಬಳಸಬೇಕು. ನೂರು ಮಿಲಿಲೀಟರ್ ತಿಳಿಸುಣ್ಣದ ನೀರಿನಲ್ಲಿ ಕರಗಿರುವ ಸುಣ್ಣ ಒಂದು ಗ್ರಾಮಿನ ಐದನೆಯ ಒಂದು ಭಾಗಕ್ಕಿಂತ ಕಡಮೆ. ಅದನ್ನು ತಣಿಸಲು ಐದಾರು ಗ್ರಾಂ ತಿರುಳು ಸಾಕು. ಆಮ್ಲ ಕಡಮೆಯಾದರೆ ಬಣ್ಣ ಕದಲದು; ತಿರುಳು ಹೆಚ್ಚಾದರೆ ನೀರು ಕಂದಾಗಿ ಗುಟ್ಟು ರಟ್ಟಾಗುತ್ತದೆ. ಎಷ್ಟು ಕುಲುಕಬೇಕು, ಎಷ್ಟು ಮಾತನಾಡಬೇಕು ಎಂಬುದೂ ಹತ್ತಾರು ಸಲ ಮಾಡಿಯೇ ತಿಳಿಯಬೇಕು. ಸುಣ್ಣ ಕಣ್ಣಿಗೆ ಸಿಡಿಯದಂತೆ ಎಚ್ಚರವಿರಲಿ. ಆ ನೀರನ್ನು ಯಾರೂ ಕುಡಿಯಬಾರದು.

ಕೊನೆಗೊಂದು ಮೆರುಗು. ಕೆಂಪು ನೀರಿನಲ್ಲಿ ಅರ್ಧವನ್ನು ಬೇರೆ ಲೋಟದಲ್ಲಿ ಹಾಗೆಯೇ ಉಳಿಸೋಣ. ಕಡ್ಡಿ ಸುಳಿಸಿದ ಅರ್ಧ ಹಳದಿಯಾಯಿತು; ಸುಳಿಸದ ಅರ್ಧ ಕೆಂಪಾಗಿಯೇ ಇದೆ. ಇದನ್ನು ಕಂಡವನು ಕಡ್ಡಿಯ ಪ್ರಭಾವ ಸಿದ್ಧವಾಯಿತೆಂದೇ ನಂಬುತ್ತಾನೆ.

ಸುಳ್ಳು ಹೋಲಿಕೆ

ಈ ಕೊನೆಯ ಮೆರುಗನ್ನು ವಿಜ್ಞಾನದ ವಿದ್ಯಾರ್ಥಿಗಳು ಗಮನವಿಟ್ಟು ನೋಡಬೇಕು. ಪ್ರಯೋಗಶಾಲೆಯಲ್ಲಿಯೂ ನಾವು ಹೀಗೆಯೇ ಮಾಡುತ್ತೇವೆ. ಎರಡು ಸಸಿಗಳಲ್ಲಿ ಒಂದಕ್ಕೆ ಮಾತ್ರ ಗೊಬ್ಬರ ಹಾಕಿ, ಮತ್ತೊಂದನ್ನು ಹೋಲಿಕೆಗೆಂದು ಇಡುತ್ತೇವೆ. ಅಲ್ಲಿನ ನಿಯಮವೇನೆಂದರೆ ಎರಡರ ನಡುವೆ ಒಂದೇ ಒಂದು ವ್ಯತ್ಯಾಸವಿರಬೇಕು. ನಮ್ಮ ಜಾದೂವಿನಲ್ಲಿ ತೋರಿಕೆಗೆ ಇರುವುದು ಒಂದೇ ವ್ಯತ್ಯಾಸ, ಅದು ಕಡ್ಡಿ. ವಾಸ್ತವವಾಗಿ ಎರಡಿವೆ: ಒಂದು ಕಡ್ಡಿ, ಮತ್ತೊಂದು ತಂಬಿಗೆ. ವಿಜ್ಞಾನಿಯು ಎರಡನೆಯ ವ್ಯತ್ಯಾಸವನ್ನು ಹುಡುಕಿ ತೆಗೆದುಹಾಕುತ್ತಾನೆ. ಜಾದೂಗಾರನು ಅದನ್ನು ಜಾಣ್ಮೆಯಿಂದ ಸೇರಿಸಿ ಮರೆಮಾಡುತ್ತಾನೆ. ಇಬ್ಬರಿಗೂ ಬೇಕಾದ ವಿವೇಚನೆ ಒಂದೇ. ಉಪಯೋಗಿಸುವ ದಿಕ್ಕು ಮಾತ್ರ ಬೇರೆ.

ಜಾದೂಗಾರನು ಇದು ಜಾದೂ ಎಂದು ಹೇಳಿಯೇ ಟಿಕೆಟು ಮಾರುತ್ತಾನೆ. ಅವನ ಮೋಸಕ್ಕೆ ನಮ್ಮ ಒಪ್ಪಿಗೆಯಿದೆ. ಅದೇ ತಂಬಿಗೆಯನ್ನು ಹಿಡಿದು, ರೋಗಪೀಡಿತ ಮಗುವಿನ ತಾಯಿಯ ಮುಂದೆ ಕುಳಿತು, "ದೋಷವಿತ್ತು, ಈಗ ಕಳೆಯಿತು, ಕಾಣಿಕೆಯಿಡು" ಎಂದರೆ ಆಗ ಅದು ವಿನೋದವಾಗಿ ಉಳಿಯುವುದಿಲ್ಲ. ಹಣ ಹೋಗುವುದು ಒಂದು ನಷ್ಟ. ವೈದ್ಯನ ಬಳಿಗೆ ಹೋಗಬೇಕಾದ ಹೊತ್ತು ಕಳೆದುಹೋಗುವುದು ಅದಕ್ಕಿಂತ ದೊಡ್ಡ ನಷ್ಟ. ಆಲ್ಜೀರಿಯದ ಪೆಟ್ಟಿಗೆಯ ಕಹಿಯೂ ಇದೇ ಬಗೆಯದು.

ನಮ್ಮ ನಾಡಿನಲ್ಲಿ ಈ ಎಚ್ಚರವನ್ನು ಮೂಡಿಸಿದವರಲ್ಲಿ ಭೌತವಿಜ್ಞಾನದ ಅಧ್ಯಾಪಕರಾಗಿದ್ದ ಡಾ. ಎಚ್. ನರಸಿಂಹಯ್ಯನವರು (1920-2005) ಪ್ರಮುಖರು. ಅವರು ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದಾಗ, 1976ರಲ್ಲಿ, ಪವಾಡಗಳನ್ನೂ ಪರೀಕ್ಷಿಸಬಹುದಾದ ಮೂಢನಂಬಿಕೆಗಳನ್ನೂ ಪರಿಶೀಲಿಸಲು ಒಂದು ಸಮಿತಿಯನ್ನು ರಚಿಸಿದರು. ಹುಲಿಕಲ್ ನಟರಾಜರಂಥವರು ಪವಾಡಗಳ ಗುಟ್ಟನ್ನು ಬಯಲುಮಾಡುವ ಪ್ರದರ್ಶನಗಳನ್ನು ಊರೂರುಗಳಲ್ಲಿ ನಡೆಸಿದ್ದಾರೆ. ಇವರ ಮಾರ್ಗದ ತಿರುಳು, ಕಂಡದ್ದನ್ನು ಅಲ್ಲಗಳೆಯುವುದಲ್ಲ. ಹೋಲಿಕೆಯನ್ನು ಸರಿಯಾಗಿ ಮಾಡಿ ನೋಡುವುದು.

ಜಾದೂವನ್ನು ತಾನೇ ಕಟ್ಟಿದ ವಿದ್ಯಾರ್ಥಿಗೆ ಈ ಮಾರ್ಗ ಸಹಜವಾಗಿ ಒಲಿಯುತ್ತದೆ. "ನನಗೆ ಕಾರಣ ತೋರದು" ಎಂಬುದಕ್ಕೂ "ಕಾರಣವೇ ಇಲ್ಲ" ಎಂಬುದಕ್ಕೂ ಇರುವ ಅಂತರವನ್ನು ಅವನು ತನ್ನ ಕೈಯಿಂದಲೇ ಮಾಡಿ ತಿಳಿದಿರುತ್ತಾನೆ. ಮುಂದೆ ಯಾರಾದರೂ ಕೆಂಪು ನೀರನ್ನು ಹಳದಿ ಮಾಡಿ ತೋರಿಸಿ ದೈವೀಶಕ್ತಿಯ ಮಾತನ್ನಾಡಿದರೆ, ಅವನು ವಾದಕ್ಕೆ ನಿಲ್ಲಬೇಕಾಗಿಲ್ಲ. "ಅದೇ ತಂಬಿಗೆಯಲ್ಲಿ, ಕಡ್ಡಿಯಿಲ್ಲದೆ, ಇನ್ನೊಮ್ಮೆ ಮಾಡಿ ತೋರಿಸಿ, ಆಮೇಲೆ ನಮ್ಮ ತಂಬಿಗೆಯಲ್ಲಿ, ನಿಮ್ಮ ಕಡ್ಡಿಯಿಂದ ಮಾಡಿ" ಎಂದು ವಿನಯದಿಂದ ಕೇಳಿದರೆ ಸಾಕು.