ಫೀಡ್ ನಿಂತುಹೋಯಿತೇ?

ಪ್ರಶ್ನೆ: ನಾನು ತಪ್ಪದೆ ಓದಬೇಕೆಂದುಕೊಂಡಿರುವ ಕೆಲವು ಸುದ್ದಿತಾಣಗಳಿವೆ. ಅವುಗಳ ಫೇಸ್‌ಬುಕ್ ಪುಟ ಫಾಲೋ ಮಾಡಿದ್ದರೂ ಹೊಸ ಬರಹ ಬಂದದ್ದು ಗೊತ್ತೇ ಆಗುವುದಿಲ್ಲ. ಆರ್‌ಎಸ್‌ಎಸ್ ಫೀಡ್ ಬಳಸಿ ಎನ್ನುತ್ತಾರೆ. ಅದು ಎಂದೋ ನಿಂತುಹೋಯಿತಲ್ಲವೇ?
– ಓದುಗರೊಬ್ಬರು, ಶಿರಸಿ

ಉತ್ತರ: ನಿಂತದ್ದು ಗೂಗಲ್ ರೀಡರ್, ಫೀಡ್ ಅಲ್ಲ. 2005ರಲ್ಲಿ ಶುರುವಾದ ಆ ಸೇವೆಯನ್ನು ಗೂಗಲ್ 2013ರ ಜುಲೈನಲ್ಲಿ ಮುಚ್ಚಿತು. ಬಹಳ ಜನ ಫೀಡ್ ಓದುತ್ತಿದ್ದುದೇ ಅದರಲ್ಲಾದ್ದರಿಂದ ಎಲ್ಲವೂ ಮುಗಿಯಿತು ಅಂದುಕೊಂಡರು. 2018ರ ಕೊನೆಯಲ್ಲಿ ಫೈರ್‌ಫಾಕ್ಸ್ ಕೂಡ ತನ್ನೊಳಗಿನ ಫೀಡ್ ಸೌಲಭ್ಯ ತೆಗೆದುಹಾಕಿತು.

ಆದರೆ ಫೀಡ್ ಯಾವ ಕಂಪನಿಯ ಸೊತ್ತೂ ಅಲ್ಲ. ಅದರ ಮೊದಲ ರೂಪ 1999ರಲ್ಲಿ ನೆಟ್‌ಸ್ಕೇಪ್‌ನಲ್ಲಿ ಸಿದ್ಧವಾಯಿತು. ರೂಪಿಸಿದವರಲ್ಲಿ ಮದ್ರಾಸ್ ಐಐಟಿಯಲ್ಲಿ ಓದಿದ ರಾಮನಾಥನ್ ಗುಹಾ ಒಬ್ಬರು. ತಾಣವು ತನ್ನ ಹೊಸ ಬರಹಗಳ ಶೀರ್ಷಿಕೆ, ಕೊಂಡಿ, ದಿನಾಂಕಗಳನ್ನು ಒಂದು ಫೈಲಿನಲ್ಲಿ ಬರೆದಿಡುತ್ತದೆ. ನಿಮ್ಮ ಫೀಡ್ ರೀಡರ್ ಆಗಾಗ ಹೋಗಿ ಆ ಫೈಲ್ ನೋಡಿ, ಹೊಸದಿದ್ದರೆ ತಂದು ಮುಂದಿಡುತ್ತದೆ. ತಾಣಕ್ಕೆ ನಿಮ್ಮ ಇಮೇಲ್ ಕೊಡಬೇಕಿಲ್ಲ. ನೀವು ಏನನ್ನು ನೋಡಬೇಕೆಂದು ನಡುವೆ ಕೂತು ತೀರ್ಮಾನಿಸುವವರೂ ಇಲ್ಲ. ಫೇಸ್‌ಬುಕ್‌ನಲ್ಲಿ ನೀವು ಓದಬೇಕೆಂದುಕೊಂಡ ಬರಹಗಳು ಕಳೆದುಹೋಗುತ್ತಿರುವುದು ಆ ತೀರ್ಮಾನದಿಂದಲೇ. ಇದೊಂದು ಕಾರಣಕ್ಕಾದರೂ ಪ್ರತಿಯೊಬ್ಬ ಓದುಗ ಫೀಡ್ ಬಳಸಬೇಕೆಂಬುದು ನನ್ನ ಗಟ್ಟಿ ನಂಬಿಕೆ. ಪಾಡ್‌ಕಾಸ್ಟ್ ಕೇಳುವವರಾದರೆ ಬಹುಶಃ ಈಗಾಗಲೇ ಬಳಸುತ್ತಿದ್ದೀರಿ. ಹೆಚ್ಚಿನ ಕಂತುಗಳು ಬರುವುದು ಇದೇ ಆರ್‌ಎಸ್‌ಎಸ್ ದಾರಿಯಲ್ಲಿ.

ಆಂಡ್ರಾಯ್ಡ್ ಫೋನಿಗೆ ಫೀಡರ್, ಐಫೋನಿಗೆ ನೆಟ್‌ನ್ಯೂಸ್‌ವೈರ್ ಇವೆ, ಎರಡೂ ಉಚಿತ. ಕಂಪ್ಯೂಟರಿನಲ್ಲಿ ಥಂಡರ್‌ಬರ್ಡ್ ಸಾಕು. ಬ್ರೌಸರಿನಲ್ಲೇ ಓದುವುದಾದರೆ ಫೀಡ್ಲಿ ಅಥವಾ ಇನೋರೀಡರ್. ತಾಣದ ವಿಳಾಸ ಅಂಟಿಸಿದರೆ ಸಾಮಾನ್ಯವಾಗಿ ಫೀಡನ್ನು ರೀಡರೇ ಹುಡುಕಿಕೊಳ್ಳುತ್ತದೆ. ಸಿಗದಿದ್ದರೆ ವಿಳಾಸದ ಕೊನೆಗೊಂದು ಓರೆಗೆರೆ ಹಾಕಿ ಇಂಗ್ಲಿಷಿನಲ್ಲಿ 'ಫೀಡ್' ಎಂದು ಟೈಪಿಸಿ ನೋಡಿ. ವರ್ಡ್‌ಪ್ರೆಸ್‌ನಲ್ಲಿ ಕಟ್ಟಿದ ತಾಣಗಳಲ್ಲಿ ಇದು ಹೆಚ್ಚಾಗಿ ಕೆಲಸ ಮಾಡುತ್ತದೆ. ನಿಮ್ಮ ಫೀಡ್‌ಗಳ ಪಟ್ಟಿಯನ್ನು ಒಪಿಎಂಎಲ್ ಫೈಲಾಗಿ ಆಗಾಗ ಇಳಿಸಿಟ್ಟುಕೊಳ್ಳಿ. ನಾಳೆ ರೀಡರ್ ಬದಲಿಸಿದರೂ ಪಟ್ಟಿ ನಿಮ್ಮ ಜೊತೆಗೇ ಬರುತ್ತದೆ.

ಕೆಲವು ಪತ್ರಿಕೆಗಳು ಫೀಡಿನಲ್ಲಿ ಎರಡೇ ಸಾಲು ಕೊಡುತ್ತವೆ, ಕೆಲವು ಫೀಡನ್ನೇ ಕೊಡುವುದಿಲ್ಲ. ಚಂದಾ ಕಟ್ಟಿ ಓದಬೇಕಾದ್ದಕ್ಕೆ ಇಲ್ಲೂ ಚಂದಾ ಕಟ್ಟಲೇಬೇಕು. ದೊಡ್ಡ ದಿನಪತ್ರಿಕೆಯ ಇಡೀ ಫೀಡ್ ಸೇರಿಸಿಕೊಂಡರೆ ಬೆಳಗಾಗುವುದರೊಳಗೆ ಓದದ ಸುದ್ದಿ ರಾಶಿ ಬಿದ್ದಿರುತ್ತದೆ; ಅದರ ಬದಲು ನಿಮಗೆ ಬೇಕಾದ ವಿಭಾಗಕ್ಕೆ ಬೇರೆ ಫೀಡ್ ಇದೆಯೇ ನೋಡಿ. ಎರಡು ತಿಂಗಳಿಗೊಮ್ಮೆ ಬರೆಯುವ ಲೇಖಕರನ್ನಂತೂ ಮೊದಲು ಸೇರಿಸಿ. ಅವರ ಬರಹವೇ ಬೇರೆಡೆ ಎಲ್ಲಕ್ಕಿಂತ ಸುಲಭವಾಗಿ ಕಣ್ತಪ್ಪುವುದು.