ಜೆರಾಕ್ಸ್ ಅಂಗಡಿಗೆ ಒಯ್ಯುವ ಪೆನ್‌ಡ್ರೈವ್

ನೋಡು ಪುಟ್ಟಿ, ಪ್ರಾಜೆಕ್ಟ್ ರಿಪೋರ್ಟ್ ಪ್ರಿಂಟ್ ಹಾಕಿಸೋಕೆ ಹೊರಡುವ ಮುಂಚೆ ನನ್ನದೊಂದು ಮಾತು ಕೇಳಿಸಿಕೊ. ವರ್ಷವಿಡೀ ಮಾಡಿದ ಕೆಲಸ, ಅಂಕಪಟ್ಟಿ, ಆಧಾರ್, ಮನೆಯವರ ಫೋಟೋ ಎಲ್ಲ ತುಂಬಿಟ್ಟ ಆ ಪೆನ್‌ಡ್ರೈವ್ ಜೆರಾಕ್ಸ್ ಅಂಗಡಿಗೆ ಹೋಗುವುದು ಬೇಡ. ಹೊರಗಿನ ಓಡಾಟಕ್ಕೆಂದೇ ಇನ್ನೊಂದು ಚಿಕ್ಕದನ್ನು ಇಟ್ಟುಕೋ. ಪ್ರಿಂಟ್ ಆಗಬೇಕಾದ ಪಿಡಿಎಫ್ ಒಂದೇ ಅದರಲ್ಲಿರಲಿ. ಹೊರಗೆ ಮೆಟ್ಟುವ ಚಪ್ಪಲಿಯನ್ನು ನಾವು ದೇವರ ಕೋಣೆಗೆ ತರುವುದಿಲ್ಲವಲ್ಲ, ಹಾಗೆ.

ಅಂಗಡಿಯವರ ಮೇಲೆ ಅನುಮಾನ ಪಡು ಅಂತಲ್ಲ ನಾನು ಹೇಳ್ತಿರೋದು. ಬೆಳಗಿನಿಂದ ರಾತ್ರಿವರೆಗೆ ಕಂಡಕಂಡವರ ಪೆನ್‌ಡ್ರೈವ್‌ಗಳೆಲ್ಲ ಅದೇ ಕಂಪ್ಯೂಟರಿಗೆ ಬೀಳುತ್ತವೆ, ಒಂದರಲ್ಲಿ ವೈರಸ್ ಇದ್ದರೂ ಸಾಕು. ಇಂಟರ್ನೆಟ್ ಇಲ್ಲದ ಕಂಪ್ಯೂಟರಿಗೆ ಏನೂ ಆಗಲ್ಲ ಅಂತ ನಿನ್ನ ಸ್ನೇಹಿತರು ಹೇಳಿದರೆ ನಂಬಬೇಡ. 2010ರಲ್ಲಿ ಬೆಳಕಿಗೆ ಬಂದ ಸ್ಟಕ್ಸ್‌ನೆಟ್ ಅನ್ನೋ ವೈರಸ್ ಇರಾನಿನ ನಟಾಂಜ್ ಅಣುಸ್ಥಾವರದ ಯಂತ್ರಗಳನ್ನೇ ಕೆಡಿಸಿತು. ಹೊರಗಿನ ಇಂಟರ್ನೆಟ್ಟಿಗೆ ಜೋಡಿಸದ ಜಾಗ ಅದು. ಆ ವೈರಸ್ ಹರಡಿದ ದಾರಿಗಳಲ್ಲಿ ಪೆನ್‌ಡ್ರೈವೂ ಒಂದು. ಫೋಲ್ಡರ್ ತೆರೆದು ಅದರೊಳಗಿನ ಐಕಾನುಗಳು ಕಂಡರೆ ಸಾಕಿತ್ತು, ಅದು ಕಂಪ್ಯೂಟರಿಗೆ ಹತ್ತಿಬಿಡುತ್ತಿತ್ತು. ಮೈಕ್ರೋಸಾಫ್ಟ್ ಅದೇ ವರ್ಷ ಆ ತೂತು ಮುಚ್ಚಲು ಅಪ್‌ಡೇಟ್ ಬಿಟ್ಟಿತು. ವಿಂಡೋಸ್ ಅಪ್‌ಡೇಟ್ ಕೇಳಿದಾಗಲೆಲ್ಲ ನಾಳೆ ನಾಳೆ ಅಂತ ಮುಂದೂಡಬೇಡ ಅಂತ ನಾನು ಬಡಕೊಳ್ಳೋದು ಇದಕ್ಕೇ.

ಹಿಂದೆಲ್ಲ ಪೆನ್‌ಡ್ರೈವ್ ಸಿಕ್ಕಿಸಿದ ಕೂಡಲೇ ಆಟೋರನ್ ಮೂಲಕ ವೈರಸ್ ತಾನಾಗಿ ಓಡುತ್ತಿತ್ತು. ವಿಂಡೋಸ್ 7ರಿಂದ ಆ ಬಾಗಿಲು ಮುಚ್ಚಿದೆ. ಈಗಿನವು ಹೆಚ್ಚಾಗಿ ನಿನ್ನ ಕ್ಲಿಕ್ಕಿಗಾಗಿ ಕಾಯುತ್ತವೆ. ಹೇಗೆ ಗೊತ್ತಾ? ಅಂಗಡಿಯಿಂದ ಬಂದು ಪೆನ್‌ಡ್ರೈವ್ ತೆರೆದರೆ ಒಳಗೆ ನಿನ್ನ ಫೋಲ್ಡರುಗಳ ಬದಲು ಪೆನ್‌ಡ್ರೈವಿನದೇ ಹೆಸರು, ಅದರದೇ ಚಿತ್ರ ಹೊತ್ತ ಒಂದೇ ಒಂದು ಐಕಾನ್ ಇರುತ್ತದೆ. ಅದರ ಮೂಲೆಯಲ್ಲಿ ಸಣ್ಣದೊಂದು ಬಾಗಿದ ಬಾಣ. ಅದು ಶಾರ್ಟ್‌ಕಟ್. ಗಾಬರಿಯಿಂದ ಡಬಲ್ ಕ್ಲಿಕ್ ಮಾಡಿದೆಯೋ, ನಿನ್ನ ಫೈಲುಗಳು ತೆರೆದುಕೊಳ್ಳುತ್ತವೆ, ಹಿಂದೆಯೇ ವೈರಸ್ಸೂ ನಿನ್ನ ಲ್ಯಾಪ್‌ಟಾಪಿಗೆ ಇಳಿದಿರುತ್ತದೆ. ಎಲ್ಲ ಸರಿಯಿದೆ ಅಂತಲೇ ನೀನು ಅಂದುಕೊಂಡಿರುತ್ತೀಯ.

ಹಾಗೇನಾದರೂ ಕಂಡರೆ ಅದನ್ನು ಮುಟ್ಟಬೇಡ, ಅಳಲೂ ಬೇಡ. ಫೈಲುಗಳು ಹೋಗಿರುವುದಿಲ್ಲ, ಅಡಗಿರುತ್ತವೆ, ಕೆಲವೊಮ್ಮೆ ಹೆಸರೇ ಇಲ್ಲದ ಫೋಲ್ಡರಿನೊಳಗೆ. ಡ್ರೈವಿನ ಪ್ರಾಪರ್ಟೀಸ್ ನೋಡು, ತುಂಬಿದ ಜಾಗ ಮೊದಲಿದ್ದಷ್ಟೇ ಇದ್ದರೆ ಧೈರ್ಯವಾಗಿರು. ಮೊದಲು ಡ್ರೈವಿನ ಮೇಲೆ ಬಲಗಡೆಯ ಕ್ಲಿಕ್ ಮಾಡಿ ವಿಂಡೋಸಿನದೇ ಡಿಫೆಂಡರ್‌ನಿಂದ ಸ್ಕ್ಯಾನ್ ಮಾಡಿಸು. ಆಮೇಲೆ ವ್ಯೂ ಮೆನುವಿನಲ್ಲಿ ಹಿಡನ್ ಐಟಮ್ಸ್‌ಗೆ ಟಿಕ್ ಹಾಕು. ಆಗಲೂ ಕಾಣದಿದ್ದರೆ ಅವಕ್ಕೆ ಸಿಸ್ಟಂ ಫೈಲ್ ಅನ್ನೋ ಗುರುತೂ ಬಿದ್ದಿರುತ್ತದೆ, ಅದನ್ನು ಅಟ್ರಿಬ್ ಅನ್ನುವ ಕಮಾಂಡಿನಿಂದ ತೆಗೆಯಬಹುದು. ಗೊತ್ತಿದ್ದವರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಮಾಡು. ಡಾಕ್ಯುಮೆಂಟು, ಫೋಟೋ ಮಾತ್ರ ಎತ್ತಿಟ್ಟುಕೊಂಡು ಪೆನ್‌ಡ್ರೈವನ್ನು ಫಾರ್ಮ್ಯಾಟ್ ಮಾಡಿಬಿಡು.

ಅದೇ ವ್ಯೂ ಮೆನುವಿನಲ್ಲಿ ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್ ಅಂತಲೂ ಇದೆ, ಅದಕ್ಕೆ ಇವತ್ತೇ ಟಿಕ್ ಹಾಕಿಬಿಡು. ಪಿಡಿಎಫ್ ಅಂತ ಕಾಣುವ ಹೆಸರಿನ ತುದಿಯಲ್ಲಿ ಡಾಟ್ ಇಎಕ್ಸ್ಇ ಅಂತ ಇದ್ದರೆ ಅದು ಓದುವ ಕಡತವಲ್ಲ, ಓಡುವ ಪ್ರೋಗ್ರಾಂ.

ಇನ್ನು ಕಾಲೇಜಿನಲ್ಲಿ ಬಿದ್ದು ಸಿಕ್ಕಿದ ಪೆನ್‌ಡ್ರೈವ್. ಯಾರದೋ ಪಾಪ, ಹೆಸರು ನೋಡಿ ಕೊಡೋಣ ಅನ್ನಿಸುತ್ತೆ, ನಿನ್ನ ಮನಸ್ಸು ನನಗೆ ಗೊತ್ತಿಲ್ಲವೇ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಆವರಣದಲ್ಲಿ ಸಂಶೋಧಕರು ಬೇಕೆಂತಲೇ 297 ಪೆನ್‌ಡ್ರೈವ್ ಬೀಳಿಸಿ ನೋಡಿದ್ದರು, ಹೆಚ್ಚುಕಮ್ಮಿ ಅರ್ಧದಷ್ಟನ್ನು ಸಿಕ್ಕವರು ಕಂಪ್ಯೂಟರಿಗೆ ಹಾಕಿ ತೆರೆದರು. ಅವರಲ್ಲೂ ಹೆಚ್ಚಿನವರು ಕಳೆದುಕೊಂಡವರಿಗೆ ಮರಳಿಸಬೇಕು ಅಂತಲೇ ತೆರೆದಿದ್ದು. ನೀನು ಮಾತ್ರ ತೆರೆಯದೇ ಆಫೀಸಿಗೆ ಕೊಟ್ಟುಬಿಡು.

ಎಷ್ಟೇ ಎಚ್ಚರವಿದ್ದರೂ ರಿಪೋರ್ಟಿನ ಇನ್ನೊಂದು ಪ್ರತಿ ಲ್ಯಾಪ್‌ಟಾಪಿನಲ್ಲೂ ಡ್ರೈವಿನಲ್ಲೂ ಇರಲಿ, ಗೂಗಲ್ ಡ್ರೈವ್ ಹೇಳ್ತಿರೋದು. ವೈರಸ್ ಬಂದದ್ದು ಆ ಅಂಗಡಿಯಿಂದಲೇ ಅಂತ ಖಾತ್ರಿಯಾದರೆ, ನಾಲ್ಕು ಜನರ ಮುಂದೆ ಕೂಗಾಡದೆ ಅಂಗಡಿಯವರನ್ನು ಪಕ್ಕಕ್ಕೆ ಕರೆದು ಹೇಳು. ನಿನ್ನ ಹಿಂದೆ ಸಾಲಿನಲ್ಲಿ ನಿಂತವರ ರಿಪೋರ್ಟೂ ಅದೇ ಕಂಪ್ಯೂಟರಿಗೇ ಹೋಗುವುದು.