ತೋಟದ ಉಪಕರಣಗಳ ಮೇಲ್ವಿಚಾರಣೆ: ಒಂದೇ ಫಲಕದಿಂದ

ಕೊಳವೆ ಬಾವಿಯ ಪಂಪ್‌ಸೆಟ್ಟನ್ನು ಮನೆಯಿಂದಲೇ ಚಾಲೂ ಮಾಡುವ ಮೊಬೈಲ್ ಸ್ಟಾರ್ಟರು ಈಗ ಅನೇಕ ರೈತರಲ್ಲಿದೆ. ಹನಿ ನೀರಾವರಿಯ ವಾಲ್ವು, ನೀರಿನ ಮೀಟರು, ಮಣ್ಣಿನ ತೇವ ಅಳೆಯುವ ಸಾಧನ ಇವುಗಳನ್ನೂ ಜೋಡಿಸಿಕೊಂಡು ಎಲ್ಲವನ್ನೂ ಒಂದೇ ಪರದೆಯಲ್ಲಿ ನೋಡಿ ನಿಯಂತ್ರಿಸಬಹುದು. ಈ ಪರದೆಗೆ ಡ್ಯಾಶ್‌ಬೋರ್ಡ್ ಎನ್ನುತ್ತಾರೆ. ಇಲ್ಲಿ ಫಲಕ ಎನ್ನೋಣ. ಇದರಿಂದ ನಡುರಾತ್ರಿ ಕರೆಂಟು ಬಂದಾಗ ಬ್ಯಾಟರಿ ಹಿಡಿದು ತೋಟಕ್ಕೆ ಹೋಗುವ ಕಷ್ಟ ತಪ್ಪುತ್ತದೆ. ಆದರೆ ಫಲಕವನ್ನು ಓದುವ ಕ್ರಮ ತಿಳಿಯದಿದ್ದರೆ ಮೋಟಾರು ಸುಟ್ಟೀತು, ಬೆಳೆ ಒಣಗೀತು, ಪ್ರಾಣಕ್ಕೂ ಅಪಾಯವಾದೀತು.

ಕೊನೆಯ ವರದಿಯ ವೇಳೆ ನೋಡಿ

ಫಲಕವು ತೋಟವನ್ನು ನೇರವಾಗಿ ನೋಡುವುದಿಲ್ಲ. ಪ್ರತಿ ಉಪಕರಣವೂ ಸಿಮ್ ಅಥವಾ ರೇಡಿಯೋ ಮೂಲಕ ಆಗಾಗ ಕಳಿಸುವ ವರದಿಯನ್ನಷ್ಟೇ ತೋರಿಸುತ್ತದೆ. ಹತ್ತು ಗಂಟೆಗೆ ಉಪಕರಣ ಮೌನವಾದರೆ, ಕೆಲವು ಫಲಕಗಳಲ್ಲಿ ಸಂಜೆಯವರೆಗೂ ಹತ್ತು ಗಂಟೆಯ ಅಂಕಿಯೇ ನಿಂತಿರುತ್ತದೆ. ಆದ್ದರಿಂದ ಮೊದಲು ನೋಡಬೇಕಾದದ್ದು ಕೊನೆಯ ವರದಿ ಬಂದ ವೇಳೆಯನ್ನು. ಹದಿನೈದು ನಿಮಿಷಕ್ಕೊಮ್ಮೆ ಬರಬೇಕಾದ ವರದಿ ಮೂರು ಬಾರಿ ತಪ್ಪಿದರೆ ‘ಸುದ್ದಿ ಇಲ್ಲ’ ಎಂದು ತಿಳಿಯಿರಿ, ‘ಎಲ್ಲ ಸರಿ’ ಎಂದಲ್ಲ. ಕರೆಂಟು ಹೋಗಿರುವುದು, ಬ್ಯಾಟರಿ ಇಳಿದಿರುವುದು, ಸಿಗ್ನಲ್ ಇಲ್ಲದಿರುವುದು, ಸಿಮ್‌ನ ರೀಚಾರ್ಜ್ ಮುಗಿದಿರುವುದು ಇದಕ್ಕೆ ಸಾಮಾನ್ಯ ಕಾರಣಗಳು.

ಮೋಟಾರು ತಿರುಗಿದರೆ ಸಾಲದು

‘ಚಾಲೂ’ ಎಂದು ತೋರಿದ ಮಾತ್ರಕ್ಕೆ ಗಿಡಕ್ಕೆ ನೀರು ತಲುಪಿತೆಂದಲ್ಲ. ವೋಲ್ಟೇಜು, ಆಂಪಿಯರು, ನೀರಿನ ಹರಿವು ಈ ಮೂರನ್ನೂ ಹೋಲಿಸಿರಿ. ಆಂಪಿಯರು ಎಂದಿಗಿಂತ ತೀರ ಕಡಿಮೆಯಿದ್ದರೆ ಪಂಪು ನೀರಿಲ್ಲದೆ ತಿರುಗುತ್ತಿರಬಹುದು. ಹೆಚ್ಚಿದ್ದರೆ ವೋಲ್ಟೇಜು ಕುಸಿದಿರಬಹುದು, ಇಲ್ಲವೆ ಪಂಪಿಗೆ ಮರಳು ಸಿಕ್ಕಿರಬಹುದು.

ಹರಿವು ಎಷ್ಟಿರಬೇಕೆಂಬುದನ್ನು ನೀವೇ ಲೆಕ್ಕ ಹಾಕಬಹುದು. ಒಂದು ಎಕರೆಯಲ್ಲಿ 550 ಅಡಿಕೆ ಮರಗಳಿದ್ದು, ಮರಕ್ಕೆ ಗಂಟೆಗೆ 4 ಲೀಟರಿನ ಎರಡು ಡ್ರಿಪ್ಪರುಗಳಿದ್ದರೆ:

550 × 2 × 4 = 4,400 ಲೀಟರು (ಗಂಟೆಗೆ)

ಮೀಟರು 5,500 ತೋರಿದರೆ ಎಲ್ಲೋ ಪೈಪು ಒಡೆದಿದೆ ಅಥವಾ ಲ್ಯಾಟರಲ್ ಕಳಚಿದೆ. 3,300 ತೋರಿದರೆ ಫಿಲ್ಟರು ಅಥವಾ ಡ್ರಿಪ್ಪರು ಕಟ್ಟಿಕೊಂಡಿರುವ ಸಂಭವ ಹೆಚ್ಚು. ಹೊಸದರಲ್ಲಿ ಎಲ್ಲವೂ ಸರಿಯಿರುವಾಗಲೇ ಪ್ರತಿ ವಾಲ್ವಿನ ಹರಿವು ಮತ್ತು ಆಂಪಿಯರನ್ನು ಪುಸ್ತಕದಲ್ಲಿ ಬರೆದಿಡಿ. ಮುಂದೆ ಹೋಲಿಸಲು ಅದೇ ಆಧಾರ.

ಅನುಸರಿಸಬೇಕಾದ ಕ್ರಮಗಳು

1. ಒಂದು ಫೇಸು ಹೋದಾಗ ಹಾಗೂ ನೀರು ಬತ್ತಿದಾಗ ಮೋಟಾರನ್ನು ನಿಲ್ಲಿಸುವ ರಕ್ಷಣೆ ಸ್ಟಾರ್ಟರಿನಲ್ಲಿಯೇ ಇರಬೇಕು. ಸಿಗ್ನಲ್ ನಂಬಿ ಕೂರಬಾರದು.

2. ಎಚ್ಚರಿಕೆ ಸಂದೇಶಗಳು ಮಿತವಾಗಿರಲಿ. ದಿನಕ್ಕೆ ಐವತ್ತು ಬಂದರೆ ಯಾರೂ ನೋಡರು. ಫೇಸು ದೋಷ, ನೀರಿಲ್ಲದ ಓಟ, ಹರಿವಿನ ಏರುಪೇರು, ವರದಿ ನಿಂತಿರುವುದು ಈ ನಾಲ್ಕು ಸಾಕು.

3. ಉಪಕರಣಗಳಿಗೆ ‘ಬಾವಿ ಮೋಟಾರು’, ‘ಕೆಳತೋಟದ ವಾಲ್ವು’ ಎಂಬಂತೆ ಮನೆಮಂದಿಗೆಲ್ಲ ತಿಳಿಯುವ ಹೆಸರಿಡಿ.

4. ಕಂಪನಿ ಕೊಟ್ಟ ಪಾಸ್‌ವರ್ಡನ್ನು ಮೊದಲ ದಿನವೇ ಬದಲಿಸಿ. ಚಾಲೂ ಮಾಡುವ ಅಧಿಕಾರ ಒಬ್ಬಿಬ್ಬರಿಗೆ ಮಾತ್ರ ಇರಲಿ.

5. ಪಂಪಿಗೆ, ಸ್ಟಾರ್ಟರಿಗೆ ಅಥವಾ ವೈರಿಗೆ ಕೈ ಹಾಕುವ ಮೊದಲು ಮೇನ್ ಸ್ವಿಚ್ ಇಳಿಸಿ, ಫ್ಯೂಸುಗಳನ್ನು ಕಿತ್ತು ಜೇಬಿನಲ್ಲಿಟ್ಟುಕೊಳ್ಳಿ. ಫಲಕದಲ್ಲಿ ‘ಬಂದ್’ ಮಾಡಿದ್ದು ರಕ್ಷಣೆಯಲ್ಲ. ಊರಿನಲ್ಲಿರುವ ಮಗ ತಿಳಿಯದೆ ಚಾಲೂ ಮಾಡಬಹುದು. ‘ಆಟೋ’ದಲ್ಲಿದ್ದರೆ ಕರೆಂಟು ಬಂದೊಡನೆ ಮೋಟಾರು ತಾನಾಗಿ ಹೊರಡಬಹುದು. ಈ ಒಂದು ಕ್ರಮವನ್ನು ಮನೆಯ ಆಳುಕಾಳುಗಳಿಗೂ ತಪ್ಪದೆ ತಿಳಿಸಿ.

ವಾರಕ್ಕೊಮ್ಮೆಯಾದರೂ ಪ್ರತಿ ಲ್ಯಾಟರಲಿನ ಕೊನೆಯವರೆಗೆ ನಡೆದು ನೋಡಿ. ಇಲಿ ಕಡಿದ ಪೈಪು, ಬಾಡಿದ ಎಲೆ, ಬುಡದಲ್ಲಿ ನಿಂತ ನೀರು ಕಣ್ಣಿಗೆ ಬೀಳುವುದು ಅಲ್ಲಿಯೇ. ಅಲ್ಲಿ ಕಂಡದ್ದಕ್ಕೂ ಫಲಕ ಹೇಳಿದ್ದಕ್ಕೂ ತಾಳೆಯಾದರೆ ಮಾತ್ರ ಫಲಕವನ್ನು ನಂಬಿ ಮನೆಯಲ್ಲಿ ನಿಶ್ಚಿಂತರಾಗಿರಬಹುದು.